ಇಲ್ಲದ ಬ್ಯಾಂಡ್‌ಗೆ ಪೋಸ್ಟರ್ ಮಾಡೋದು ಹೇಗೆ? ಡಿಸೈನ್ ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ಡಿಸೈನ್ ಓದುವವರಿಗೆ ಈ ಅಸೈನ್‌ಮೆಂಟ್ ಒಂದಲ್ಲ ಒಂದು ಸೆಮಿಸ್ಟರ್‌ನಲ್ಲಿ ಎದುರಾಗುತ್ತದೆ. ಒಂದು ಬ್ಯಾಂಡನ್ನು ಕಲ್ಪಿಸಿಕೊಳ್ಳಿ, ಅದರ ಕಾರ್ಯಕ್ರಮಕ್ಕೆ ಪೋಸ್ಟರ್ ಮಾಡಿ. ಕೇಳೋಕೆ ಸುಲಭ. ಅದಕ್ಕೇ ಹೆಚ್ಚಿನವರು ಅವತ್ತೇ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂರುತ್ತಾರೆ. ಕಪ್ಪು ಹಿನ್ನೆಲೆ, ಗಿಟಾರ್ ಹಿಡಿದವನ ನೆರಳು, ನೇರಳೆ ಬೆಳಕು, ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು. ಮಾರನೇ ವಾರ ಎಲ್ಲರ ಪೋಸ್ಟರೂ ಸಾಲಾಗಿ ಗೋಡೆ ಮೇಲೆ ಬಂದಾಗ ಒಂದರ ಹೆಸರು ತೆಗೆದು ಇನ್ನೊಂದಕ್ಕೆ ಹಾಕಿದರೂ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹೀಗಾಗೋದು ಚಿತ್ರ ಬರೆಯೋಕೆ ಬಾರದೆ ಅಲ್ಲ, ಸಾಫ್ಟ್‌ವೇರ್ ಗೊತ್ತಿಲ್ಲದೆಯೂ ಅಲ್ಲ. ಬ್ಯಾಂಡ್ ಇನ್ನೂ ಹುಟ್ಟೇ ಇಲ್ಲ, ಅಷ್ಟರಲ್ಲಿ ಪೋಸ್ಟರ್ ಶುರುವಾಗಿರುತ್ತದೆ. ನಿಜವಾದ ಬ್ಯಾಂಡ್‌ಗೆ ಕೆಲಸ ಮಾಡುವಾಗ ಅವರ ಹಾಡು, ಊರು, ಕೇಳುಗರು ಎಲ್ಲ ನಿಮ್ಮ ಮುಂದಿರುತ್ತಾರೆ, ಏನಾದರೂ ಸಂಶಯ ಬಂದರೆ ಫೋನ್ ಮಾಡಿ ಕೇಳಬಹುದು. ಇಲ್ಲಿ ಅದೇನೂ ಇಲ್ಲ, ಎಲ್ಲವನ್ನೂ ನೀವೇ ಕಟ್ಟಬೇಕು. ಬ್ಯಾಂಡನ್ನು ಪೂರ್ತಿ ಕಟ್ಟಿಕೊಂಡರೆ ಯಾವ ಬಣ್ಣ, ಯಾವ ಅಕ್ಷರ, ಯಾವ ಕಾಗದ ಅನ್ನೋ ಪ್ರಶ್ನೆಗಳಿಗೆ ಉತ್ತರ ಅದರಿಂದಲೇ ಬರುತ್ತದೆ.

ಮಾತಿನಲ್ಲೇ ಹೇಳಿದರೆ ಕೈಗೆ ಸಿಗುವುದಿಲ್ಲ. ಹಾಗಾಗಿ ಒಂದು ಬ್ಯಾಂಡನ್ನು ಇಲ್ಲೇ ಹುಟ್ಟಿಸಿ, ಅದರ ಪೋಸ್ಟರನ್ನು ಪ್ರಿಂಟ್ ಅಂಗಡಿಯವರೆಗೆ ತೆಗೆದುಕೊಂಡು ಹೋಗೋಣ.

ಮೊದಲು ಬ್ಯಾಂಡ್

ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ಜನ, ಯಾರು ಏನು ನುಡಿಸುತ್ತಾರೆ, ಯಾವ ಊರು, ಯಾವ ಭಾಷೆಯಲ್ಲಿ ಹಾಡುತ್ತಾರೆ, ಎಲ್ಲಿ ಅಭ್ಯಾಸ ಮಾಡುತ್ತಾರೆ, ಕೇಳೋಕೆ ಬರುವವರು ಯಾರು, ಟಿಕೆಟ್ ಎಷ್ಟು. ಇದೆಲ್ಲ ಬರೆಯಿರಿ. 'ಫ್ಯೂಷನ್ ರಾಕ್' ಅಂತ ಒಂದೇ ಪದ ಬರೆದು ಮುಂದೆ ಹೋಗಬೇಡಿ, ಅದರಿಂದ ಯಾವ ಚಿತ್ರವೂ ಹುಟ್ಟುವುದಿಲ್ಲ.

ನಮ್ಮ ಬ್ಯಾಂಡ್ ಹೀಗಿರಲಿ. ಹೆಸರು 'ಗಿರಣಿ'. ಊರು ಹುಬ್ಬಳ್ಳಿ. ನಾಲ್ಕು ಜನ: ಒಬ್ಬಳು ಹಾಡುತ್ತಾಳೆ, ಹಾರ್ಮೋನಿಯಂ ಕೂಡ ಅವಳದ್ದೇ. ಇನ್ನೊಬ್ಬ ಬೇಸ್ ಗಿಟಾರ್, ಮತ್ತೊಬ್ಬ ಡೊಳ್ಳು, ನಾಲ್ಕನೆಯವಳು ಎಲೆಕ್ಟ್ರಿಕ್ ಗಿಟಾರ್. ಹಾಡು ನಿಧಾನ, ಭಾರ, ಒಂದೇ ತಾಳ ಸುತ್ತಿ ಸುತ್ತಿ ಬರುತ್ತದೆ. ಹಿಟ್ಟಿನ ಗಿರಣಿ ಚಾಲೂ ಆದಾಗ ಪಟ್ಟಾ ತಿರುಗುವ ಸದ್ದು ನೆಲದಿಂದ ಕಾಲಿಗೆ ಹತ್ತುತ್ತದಲ್ಲ, ಆ ಸದ್ದಿನಿಂದ ಇವರ ಸಂಗೀತ ಹುಟ್ಟಿದೆ. ಗಾಯಕಿಯ ಮನೆಯವರದ್ದೇ ಒಂದು ಗಿರಣಿ ಇದೆ, ರಾತ್ರಿ ಬಾಗಿಲು ಹಾಕಿದ ಮೇಲೆ ಅಭ್ಯಾಸ ಅಲ್ಲೇ. ಕೇಳುವವರು ಕಾಲೇಜು ಹುಡುಗ ಹುಡುಗಿಯರು, ಜೊತೆಗೆ ಇದೇನು ಮಾಡ್ತಾರೆ ನೋಡೋಣ ಅಂತ ಬರುವ ಹಾರ್ಮೋನಿಯಂ ಗೊತ್ತಿರುವ ಹಿರಿಯರು. ಕಾರ್ಯಕ್ರಮ ಒಂದು ಹಳೇ ಹತ್ತಿ ಗೋದಾಮಿನಲ್ಲಿ.

ಇಷ್ಟು ಬರೆಯೋಕೆ ಅರ್ಧ ಗಂಟೆ ಸಾಕು. ಆದರೆ ನೋಡಿ, ಕಪ್ಪು ಹಿನ್ನೆಲೆ ನೇರಳೆ ಬೆಳಕು ಈಗಾಗಲೇ ಹೊರಗೆ ಹೋಯಿತು. ಹಿಟ್ಟಿನ ಬಿಳಿ, ಟಿನ್ನಿನ ಬೂದು ಒಳಗೆ ಬಂದವು.

ಹೆಸರಿನ ಬಗ್ಗೆ ಎರಡು ಮಾತು. ಚಿಕ್ಕದಿರಲಿ, ಜೋರಾಗಿ ಹೇಳಿದಾಗ ಬಾಯಲ್ಲಿ ಸಲೀಸಾಗಿ ಹೊರಳಲಿ, ಮತ್ತು ಆ ಹೆಸರಿನಲ್ಲಿ ಈಗಾಗಲೇ ಯಾವುದಾದರೂ ಬ್ಯಾಂಡ್ ಇದೆಯೇ ಅಂತ ಹುಡುಕಿ ನೋಡಿ. ಇದ್ದರೆ ಬೇರೆ ಹೆಸರು. ಬೇರೆಯವರ ಹೆಸರು ಬಳಸಿದರೆ ಅದು ಕಲ್ಪನೆಯ ಬ್ಯಾಂಡ್ ಆಗುವುದಿಲ್ಲ, ಅಲ್ವಾ?

ನೋಡಬೇಕಾದ ಪೋಸ್ಟರ್‌ಗಳು

ಪಿನ್‌ಟರೆಸ್ಟ್‌ನಲ್ಲಿ ನೂರು ಚಿತ್ರ ಸೇವ್ ಮಾಡುವುದಕ್ಕಿಂತ ಮೂರು ನಾಲ್ಕು ಕೆಲಸಗಳನ್ನು ನಿಧಾನವಾಗಿ ನೋಡುವುದು ಒಳ್ಳೆಯದು.

ಸ್ವಿಟ್ಜರ್ಲೆಂಡಿನ ಯೋಸೆಫ್ ಮ್ಯೂಲರ್-ಬ್ರೋಕ್‌ಮನ್ ಜ್ಯೂರಿಕ್‌ನ ಟೋನ್‌ಹಾಲೆ ಸಂಗೀತ ಸಭಾಂಗಣಕ್ಕೆ ಮಾಡಿದ ಪೋಸ್ಟರ್‌ಗಳಿವೆ. 1955ರ ಬೀಥೋವನ್ ಪೋಸ್ಟರ್ ಹುಡುಕಿ ನೋಡಿ. ಅದರಲ್ಲಿ ಬೀಥೋವನ್ ಮುಖ ಇಲ್ಲ, ಪಿಯಾನೋ ಇಲ್ಲ. ತೆಳುವಿನಿಂದ ದಪ್ಪಕ್ಕೆ ಹೋಗುವ ಕಮಾನುಗಳು ಒಂದು ಕೇಂದ್ರದ ಸುತ್ತ ತಿರುಗುತ್ತವೆ, ಅಷ್ಟೇ. ನೋಡ್ತಾ ನಿಂತರೆ ಸಂಗೀತ ಏರುವುದು ಕಣ್ಣಿಗೆ ಗೊತ್ತಾಗುತ್ತದೆ.

ಇದಕ್ಕೆ ಪೂರ್ತಿ ವಿರುದ್ಧ 1966ರ ಆಸುಪಾಸಿನ ಸ್ಯಾನ್ ಫ್ರಾನ್ಸಿಸ್ಕೋ. ಅಲ್ಲಿನ ಫಿಲ್‌ಮೋರ್ ಸಭಾಂಗಣದ ಕಾರ್ಯಕ್ರಮಗಳಿಗೆ ವೆಸ್ ವಿಲ್ಸನ್ ಮಾಡಿದ ಪೋಸ್ಟರ್‌ಗಳಲ್ಲಿ ಅಕ್ಷರಗಳು ಬೆಂಕಿಯ ಹಾಗೆ ಉಬ್ಬಿ, ಬಾಗಿ, ಕೊಟ್ಟ ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ. ಅದೇ ಊರಿನಲ್ಲಿ ಕೆಲಸ ಮಾಡಿದ ವಿಕ್ಟರ್ ಮೊಸ್ಕೋಸೊ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕಲಾವಿದ ಯೋಸೆಫ್ ಆಲ್ಬರ್ಸ್ ಬಳಿ ಬಣ್ಣ ಕಲಿತವರು. ಎದುರು ಬಣ್ಣಗಳನ್ನು ಪಕ್ಕಪಕ್ಕ ಇಟ್ಟು ಕಣ್ಣಿಗೆ ನಡುಕ ಬರುವ ಹಾಗೆ ಮಾಡಿದರು. ಓದೋಕೆ ಕಷ್ಟ, ನಿಜ. ಆದರೆ ಅವರ ಕೇಳುಗರು ಆ ಪೋಸ್ಟರ್ ಮುಂದೆ ನಿಂತು ಬಿಡಿಸಿ ಓದುತ್ತಿದ್ದರು. ನಿಮ್ಮ ಬ್ಯಾಂಡ್‌ನ ಕೇಳುಗರು ಅಷ್ಟು ಹೊತ್ತು ನಿಲ್ಲುತ್ತಾರಾ? ಅದನ್ನು ಕೇಳಿಕೊಂಡು ಆಮೇಲೆ ಆ ದಾರಿ ಹಿಡಿಯಿರಿ.

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಹ್ಯಾಚ್ ಶೋ ಪ್ರಿಂಟ್ ಅಂತ 1879ರಿಂದ ನಡೆಯುತ್ತಿರುವ ಮುದ್ರಣಾಲಯ ಇದೆ. ಮರದ ಅಚ್ಚಿನ ದೊಡ್ಡ ಅಕ್ಷರಗಳು, ಒಂದೆರಡು ಬಣ್ಣ. ಅದನ್ನು ನೋಡಿದಾಗ ನನಗೆ ನಮ್ಮ ನಾಟಕ ಕಂಪನಿಗಳ ಪೋಸ್ಟರ್ ನೆನಪಾಗುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ, ಅಲ್ಲಿ ಡೇರೆ ಹಾಕಿರುವ ಕಂಪನಿಗಳ ಪೋಸ್ಟರ್ ಮುಂದೆ ನಿಂತು ನೋಡಿ: ನಾಟಕದ ಹೆಸರು ಎಷ್ಟು ದೊಡ್ಡದು, ಕಲಾವಿದರ ಹೆಸರು ಎಲ್ಲಿ, ಸಮಯ ಎಲ್ಲಿ. ದೂರದಿಂದ ನಡೆದು ಬರುವವರಿಗೆ ಯಾವುದು ಮೊದಲು ಕಾಣಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಡಿಸೈನ್ ಕಾಲೇಜಿನಲ್ಲಿ ಸ್ವಿಸ್ ಪೋಸ್ಟರ್ ತೋರಿಸುವಷ್ಟೇ ಗೌರವದಿಂದ ಇವನ್ನೂ ತೋರಿಸಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಐಡಿಯಾ ಹುಡುಕುವುದು

ಈಗಲೂ ಲ್ಯಾಪ್‌ಟಾಪ್ ಮುಚ್ಚಿಯೇ ಇರಲಿ. ಹಾಳೆಯ ಒಂದು ಕಡೆ ಬ್ಯಾಂಡ್‌ನ ಲೋಕದ ವಸ್ತುಗಳನ್ನು ಬರೆಯಿರಿ. ಗಿರಣಿ ಅಂದರೆ ಬೀಸುವ ಕಲ್ಲು, ಪಟ್ಟಾ, ಜೋಳ, ಹಿಟ್ಟು, ತಕ್ಕಡಿ, ಸಾಲಾಗಿ ಇಟ್ಟ ಡಬ್ಬಿಗಳು. ಇನ್ನೊಂದು ಕಡೆ ಸಂಗೀತದ ವಸ್ತುಗಳು: ಸ್ಪೀಕರ್, ಮೈಕು, ತಂತಿ, ಡೊಳ್ಳು, ಹಾರ್ಮೋನಿಯಂ ಮನೆಗಳು. ಈ ಕಡೆಯ ಒಂದು, ಆ ಕಡೆಯ ಒಂದು ಆಕಾರದಲ್ಲಿ ಎಲ್ಲಿ ಕೂಡುತ್ತವೆ ಅಂತ ಹುಡುಕಬೇಕು.

ಮೊದಲು ಹೊಳೆಯುವುದು ಬೀಸುವ ಕಲ್ಲು ಮತ್ತು ಗ್ರಾಮಫೋನ್ ಪ್ಲೇಟು. ಎರಡೂ ದುಂಡಗೆ, ಎರಡೂ ತಿರುಗುತ್ತವೆ. ಚೆನ್ನಾಗಿದೆ, ಆದರೆ ಬೇಗ ಸಿಕ್ಕಿದ್ದು. ನಿಮಗೆ ಐದು ನಿಮಿಷದಲ್ಲಿ ಸಿಕ್ಕಿದ್ದು ಪಕ್ಕದವರಿಗೂ ಸಿಗುತ್ತದೆ. ಮತ್ತೆ ನಮ್ಮ ಬ್ಯಾಂಡ್‌ಗೂ ಗ್ರಾಮಫೋನಿಗೂ ಏನೂ ಸಂಬಂಧ ಇಲ್ಲ. ಅದನ್ನು ಬರೆದಿಟ್ಟು ಮುಂದೆ ಹೋಗಿ.

ಇಂಥ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಎದ್ದು ಗಿರಣಿಗೆ ಹೋಗುವುದು. ನಿಜವಾದ ಗಿರಣಿಗೆ. ಮಾಲೀಕರನ್ನು ಕೇಳಿ, ಫೋಟೋ ತೆಗೆಯಬಹುದಾ ಅಂತ ಅನುಮತಿ ತೆಗೆದುಕೊಂಡು, ಒಂದು ಮೂಲೆಯಲ್ಲಿ ನಿಂತು ನೋಡಿ. ಡಬ್ಬಿಗಳ ಸಾಲನ್ನು ನೋಡಿ. ಅಡುಗೆ ಎಣ್ಣೆಯ ಹಳೇ ಚೌಕ ಟಿನ್ನು, ಅದರ ತಲೆ ಕತ್ತರಿಸಿ ದುಂಡನೆಯ ಮುಚ್ಚಳ ಕೂರಿಸಿರುತ್ತಾರೆ. ಒಂದು ಬದಿ ತಗ್ಗು ಬಿದ್ದಿರುತ್ತದೆ. ಮುಚ್ಚಳದ ಅಂಚಿನಲ್ಲಿ ಹಿಟ್ಟು ಗಟ್ಟಿಯಾಗಿ ಕೂತಿರುತ್ತದೆ. ಡಬ್ಬಿ ಅದಲು ಬದಲಾಗಬಾರದು ಅಂತ ಮೈಮೇಲೆ ಮನೆಯವರ ಹೆಸರು, ಆಯಿಲ್ ಪೇಂಟಿನಲ್ಲಿ, ಕುಂಚದಿಂದ, ಸ್ವಲ್ಪ ಇಳಿದ ಬಣ್ಣದಲ್ಲಿ.

ಈಗ ಅದೇ ಟಿನ್ನನ್ನು ಮೇಲಿನಿಂದ ನೋಡಿ. ಚೌಕದೊಳಗೆ ವೃತ್ತ. ಸ್ಪೀಕರ್ ಡಬ್ಬದ ಮುಖವೂ ಅಷ್ಟೇ, ಚೌಕದೊಳಗೆ ವೃತ್ತ. ಒಂಬತ್ತು ಟಿನ್ನುಗಳನ್ನು ಒತ್ತೊತ್ತಾಗಿ ಜೋಡಿಸಿ ಮೇಲಿನಿಂದ ಫೋಟೋ ತೆಗೆದರೆ ವೇದಿಕೆಯ ಪಕ್ಕ ಒಂದರ ಮೇಲೊಂದು ಪೇರಿಸಿದ ಸ್ಪೀಕರ್‌ಗಳ ಗೋಡೆ ಕಾಣುತ್ತದೆ. ಮತ್ತೆ ನೋಡಿದರೆ ಹಿಟ್ಟಿನ ಡಬ್ಬಿಗಳು. ಇದು ನಮ್ಮ ಐಡಿಯಾ. ಇದು ಗಿರಣಿ ಅನ್ನೋ ಬ್ಯಾಂಡ್‌ಗೆ ಬಿಟ್ಟು ಬೇರೆ ಯಾರಿಗೂ ಹೊಂದುವುದಿಲ್ಲ. ಐಡಿಯಾ ಸರಿಯಿದೆಯೇ ಅಂತ ಪರೀಕ್ಷಿಸೋಕೆ ನಾನು ನಂಬುವುದು ಇದೊಂದನ್ನೇ: ಇದನ್ನು ಇನ್ನೊಂದು ಬ್ಯಾಂಡ್‌ಗೆ ಕೊಟ್ಟರೆ ನಡೆಯುತ್ತದಾ? ನಡೆದರೆ ಇನ್ನೂ ಹುಡುಕಿ.

ಐಡಿಯಾ ಸಿಕ್ಕಮೇಲೆ ಪುಟ್ಟ ಪುಟ್ಟ ಸ್ಕೆಚ್. ಬೆಂಕಿಪೊಟ್ಟಣದಷ್ಟು ದೊಡ್ಡದಿದ್ದರೆ ಸಾಕು, ಇಪ್ಪತ್ತಾದರೂ ಇರಲಿ. ಚಿಕ್ಕದಾಗಿ ಬರೆದಾಗ ವಿವರ ತುಂಬೋಕೆ ಜಾಗ ಇರುವುದಿಲ್ಲ, ಯಾವುದು ದೊಡ್ಡದು, ಯಾವುದು ಚಿಕ್ಕದು, ಎಲ್ಲಿ ಖಾಲಿ ಅನ್ನೋದನ್ನು ಮಾತ್ರ ತೀರ್ಮಾನಿಸಬೇಕಾಗುತ್ತದೆ. ನಮಗೆ ಬೇಕಿರುವುದೂ ಅಷ್ಟೇ.

ಹಾಳೆಯ ಅಳತೆ, ಜೋಡಣೆ

ಕಾಲೇಜಿಗೆ ಎ3 ಸಾಕು. 297 ಮಿ.ಮೀ. ಅಗಲ, 420 ಮಿ.ಮೀ. ಎತ್ತರ. ದೊಡ್ಡದು ಕೇಳಿದರೆ ಎ2, ಅಂದರೆ 420 ಮತ್ತು 594. ಫೈಲ್ ತೆರೆಯುವಾಗಲೇ ಸರಿಯಾದ ಅಳತೆ, 300 ಡಿಪಿಐ (ಇಂಚಿಗೆ 300 ಚುಕ್ಕಿ), ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯ ಆಚೆಗೂ ಚಿತ್ರ ಹೋಗುವ ಜಾಗ, ಇಡಿ. ಎ3 ಹಾಳೆಗೆ 300 ಡಿಪಿಐ ಅಂದರೆ 3508 ಮತ್ತು 4961 ಪಿಕ್ಸೆಲ್. ಇನ್‌ಸ್ಟಾಗ್ರಾಂ ಅಳತೆಯಲ್ಲಿ ಮಾಡಿ ಆಮೇಲೆ ಹಿಗ್ಗಿಸಿದರೆ ಫೋಟೋ ಒಡೆದು ಕಾಣುತ್ತದೆ. ದೊಡ್ಡದನ್ನು ಮೊದಲು ಮಾಡಿ, ಚಿಕ್ಕದನ್ನು ಅದರಿಂದ ತೆಗೆಯಿರಿ.

ನಮ್ಮ ಟಿನ್ನುಗಳಿಗೆ ಈ ಅಳತೆ ಚೆನ್ನಾಗಿ ಒದಗುತ್ತದೆ. 297ನ್ನು ಮೂರು ಭಾಗ ಮಾಡಿದರೆ ಒಂದೊಂದು ಟಿನ್ನಿಗೆ 99 ಮಿ.ಮೀ. ಮೂರು ಸಾಲು ಇಟ್ಟರೆ 297. ಕೆಳಗೆ 123 ಮಿ.ಮೀ. ಪಟ್ಟಿ ಉಳಿಯಿತು, ಮಾಹಿತಿಯೆಲ್ಲ ಅಲ್ಲಿಗೆ. ಇನ್ನೂ ಒಂದು ಅನುಕೂಲ ಇದೆ. ಗಿ, ರ, ಣಿ ಅಂತ ಹೆಸರಿನಲ್ಲಿ ಮೂರೇ ಅಕ್ಷರ. ನಡುವಿನ ಸಾಲಿನ ಮೂರು ಮುಚ್ಚಳಗಳ ಮೇಲೆ ಒಂದೊಂದು ಅಕ್ಷರ ಬರೆಯಬಹುದು. ಮೇಲಿನ ಸಾಲಿನಲ್ಲಿ ಒಂದು ಮುಚ್ಚಳ ತೆರೆದಿರಲಿ. ಒಳಗೆ ಹಿಟ್ಟು, ಸದ್ದಿಗೆ ಚಿಮ್ಮಿ ಹೊರಗೆ ಬಿದ್ದ ಹಾಗೆ. ಒಂಬತ್ತೂ ಒಂದೇ ಥರ ಇದ್ದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ, ಆ ಒಂದು ತೆರೆದ ಡಬ್ಬಿ ಬೇಕೇ ಬೇಕು.

ಅಂಚಿನ ಟಿನ್ನುಗಳ ಚಿತ್ರ ಹಾಳೆಯ ಗೆರೆಗೆ ನಿಲ್ಲದೆ ಬ್ಲೀಡ್‌ವರೆಗೂ ಹೋಗಬೇಕು. ಕತ್ತರಿಸುವಾಗ ಬ್ಲೇಡು ಒಂದು ಮಿ.ಮೀ. ಆಚೀಚೆ ಹೋಗುವುದು ಮಾಮೂಲು. ಚಿತ್ರ ಗೆರೆಗೇ ನಿಂತಿದ್ದರೆ ಬದಿಯಲ್ಲಿ ಬಿಳಿ ಎಳೆ ಉಳಿಯುತ್ತದೆ. ಅದೇ ಕಾರಣಕ್ಕೆ ಅಕ್ಷರಗಳನ್ನು ಅಂಚಿನಿಂದ ಕನಿಷ್ಠ 10 ಮಿ.ಮೀ. ಒಳಗೆ ಇಡಿ.

ಅಕ್ಷರ: ಹೆಚ್ಚು ಹೊತ್ತು ಕೊಡಬೇಕಾದ ಜಾಗ

ಬ್ಯಾಂಡ್ ಹೆಸರನ್ನು ಫಾಂಟ್‌ನಿಂದ ಹಾಕಬೇಡಿ. ಕೈಯಲ್ಲಿ ಬರೆಯಿರಿ. ಮೂರು ಅಕ್ಷರ ತಾನೇ. ನಮ್ಮ ಐಡಿಯಾದಲ್ಲೇ ದಾರಿ ಇದೆ: ಡಬ್ಬಿ ಮೇಲೆ ಹೆಸರು ಬರೆಯುವ ರೀತಿ. ಒಂದು ಚಪ್ಪಟೆ ಕುಂಚ, ಸ್ವಲ್ಪ ಕಪ್ಪು ಪೋಸ್ಟರ್ ಬಣ್ಣ, ಒರಟು ಹಾಳೆ ತೆಗೆದುಕೊಂಡು ಪುಟಗಟ್ಟಲೆ ಬರೆಯಿರಿ. ಆತುರದಲ್ಲಿ ಬರೆದ ಹಾಗೆ, ನಿಧಾನವಾಗಿ ಬರೆದ ಹಾಗೆ, ಬಣ್ಣ ಕಮ್ಮಿಯಾದ ಕುಂಚದಲ್ಲಿ ಬರೆದ ಹಾಗೆ. ಗಿ ಮತ್ತು ಣಿ ಎರಡರ ತಲೆ ಮೇಲೂ ಗುಡಿಸು ಇದೆ, ನಡುವಿನ ರ ಗೆ ಬರೀ ತಲೆಕಟ್ಟು. ಹಾಗಾಗಿ ಎರಡು ಬದಿ ಎತ್ತರ, ನಡುವೆ ತಗ್ಗು. ಆ ರ ಚೆನ್ನಾಗಿ ದುಂಡಗೆ ಬಂದರೆ ಮುಚ್ಚಳದ ವೃತ್ತದೊಳಗೆ ಬೀಸುವ ಕಲ್ಲಿನಂತೆ ಕೂರುತ್ತದೆ. ಮೊದಲು ಪಕ್ಕಕ್ಕಿಟ್ಟ ಐಡಿಯಾ ಇಲ್ಲಿ ಸದ್ದಿಲ್ಲದೆ ಒಳಗೆ ಬಂತು ನೋಡಿ.

ಸರಿ ಬಂದದ್ದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಇಲ್ಲಸ್ಟ್ರೇಟರ್‌ನ ಇಮೇಜ್ ಟ್ರೇಸ್ ಅಥವಾ ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್‌ನಿಂದ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗಳ ಚಿತ್ರ) ಮಾಡಿಕೊಳ್ಳಿ. ಅಂಚು ತೀರಾ ನುಣುಪಾಗುವವರೆಗೆ ತಿದ್ದಬೇಡಿ, ಕುಂಚದ ಎಳೆ ಕಾಣಬೇಕು.

ಉಳಿದ ಮಾಹಿತಿಗೆ ಫಾಂಟ್ ಬೇಕು. ಕನ್ನಡದಲ್ಲಿ ಆಯ್ಕೆ ಇಲ್ಲ ಅನ್ನೋ ಮಾತನ್ನು ಈಗ ಒಪ್ಪೋಕಾಗಲ್ಲ. ಗೂಗಲ್ ಫಾಂಟ್ಸ್‌ನಲ್ಲೇ ಅನೇಕ್ ಕನ್ನಡ, ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಟೀರೋ ಕನ್ನಡ, ಅಕಾಯ ಕನಡಕ, ಹುಬ್ಬಳ್ಳಿ, ಬೆಣ್ಣೆ ಎಲ್ಲ ಇವೆ, ಮುಕ್ತ ಪರವಾನಗಿಯಲ್ಲಿ. ನಮ್ಮ ಪೋಸ್ಟರ್‌ಗೆ ನಾನು ಅನೇಕ್ ಆರಿಸುತ್ತೇನೆ. ಅದರಲ್ಲಿ ಅಕ್ಷರದ ದಪ್ಪ ಮಾತ್ರವಲ್ಲ, ಅಗಲವನ್ನೂ ಹೆಚ್ಚು ಕಮ್ಮಿ ಮಾಡಬಹುದು, ಪಟ್ಟಿಯ ಅಗಲಕ್ಕೆ ಸರಿಯಾಗಿ ಸಾಲು ಕೂರಿಸೋಕೆ ಅನುಕೂಲ. ಹೆಸರು ಕೈಬರಹದ್ದು, ಹಾಗಾಗಿ ಉಳಿದಿದ್ದೆಲ್ಲ ಒಂದೇ ಫಾಂಟ್‌ನಲ್ಲಿ ಸೀದಾಸಾದಾ ಇರಲಿ. ಮೂರನೆಯದು ಸೇರಿಸುವ ಆಸೆ ಬಂದರೆ ತಡೆದುಕೊಳ್ಳಿ.

ಇನ್ನು ಎಲ್ಲರಿಗೂ ತಲೆನೋವಾಗುವ ವಿಷಯ: ಒತ್ತಕ್ಷರ ಒಡೆಯುವುದು. ಟೈಪ್ ಮಾಡಿದ್ದು 'ಹುಬ್ಬಳ್ಳಿ', ಪರದೆ ಮೇಲೆ ಬರುವುದು 'ಹುಬ್‌ಬಳ್‌ಳಿ'. ಫಾಂಟ್ ಕೆಟ್ಟಿದೆ ಅಂದುಕೊಂಡು ಬೇರೆ ಬೇರೆ ಫಾಂಟ್ ಹಾಕಿ ನೋಡುತ್ತಾ ಸಂಜೆ ಕಳೆಯಬೇಡಿ, ಸರಿ ಮಾಡಬೇಕಾದ್ದು ಸೆಟ್ಟಿಂಗ್. ಫೋಟೋಶಾಪ್‌ನ ಹಳೇ ಆವೃತ್ತಿಯಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ, ಟೈಪ್ ಅನ್ನೋ ಕಡೆ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಇಲ್ಲಸ್ಟ್ರೇಟರ್‌ನಲ್ಲಿ ಅದೇ ಟೈಪ್ ಕಡೆ ಇಂಡಿಕ್ ಆಯ್ಕೆಗಳನ್ನು ಆನ್ ಮಾಡಿ, ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಇನ್‌ಡಿಸೈನ್‌ನಲ್ಲೂ ಇದೇ ಕಂಪೋಸರ್. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ನೇರವಾಗಿ ಸರಿಯಾಗಿ ಬರುತ್ತದೆ, ದುಡ್ಡೂ ಬೇಡ. ಎಲ್ಲ ಸರಿಯಾಯಿತಾ ಅಂತ ನೋಡೋಕೆ 'ಕಾರ್ಯಕ್ರಮ', 'ಸ್ತ್ರೀ', 'ಹುಬ್ಬಳ್ಳಿ' ಈ ಮೂರು ಪದ ಟೈಪ್ ಮಾಡಿ. ಅರ್ಕಾವತ್ತು, ಎರಡು ಒತ್ತು, ಸಜಾತಿ ಒತ್ತು ಎಲ್ಲ ಒಂದೇ ಸಲ ಗೊತ್ತಾಗುತ್ತದೆ.

ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಅದಕ್ಕೇ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ಸಾಫ್ಟ್‌ವೇರ್ ತಾನಾಗಿ ಕೊಡುವ, ಅಕ್ಷರದ ಗಾತ್ರದ 120 ಪರ್ಸೆಂಟ್ ಸಾಲದು, 140ರಿಂದ ಶುರು ಮಾಡಿ ಕಣ್ಣಳತೆಯಲ್ಲಿ ಸರಿಮಾಡಿ. ಅಕ್ಷರಗಳ ನಡುವೆ ಜಾಗ ಎಳೆಯುವ ಟ್ರ್ಯಾಕಿಂಗ್ ಮಾತ್ರ ಕನ್ನಡಕ್ಕೆ ಬೇಡ. ಇಂಗ್ಲಿಷ್ ಪೋಸ್ಟರ್‌ಗಳಲ್ಲಿ ಅದು ಸೊಗಸು. ಕನ್ನಡದಲ್ಲಿ ದೀರ್ಘ, ಕೊಂಬುಗಳು ತಮ್ಮ ಅಕ್ಷರ ಬಿಟ್ಟು ದೂರ ನಿಲ್ಲುತ್ತವೆ, ಓದು ಎಡವುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅಂತ ಇಲ್ಲವಾದ್ದರಿಂದ ಒತ್ತು ಕೊಡಬೇಕಾದ ಕಡೆ ಗಾತ್ರ ಮತ್ತು ದಪ್ಪ ಇವೆರಡೇ ನಮ್ಮ ಕೈಯಲ್ಲಿರುವುದು. ಅವನ್ನು ಧೈರ್ಯವಾಗಿ ಬಳಸಿ. ದೊಡ್ಡದು ಅಂದರೆ ನಿಜಕ್ಕೂ ದೊಡ್ಡದು.

ಕನ್ನಡ ಅಂಕಿ ಹಾಕಬೇಕಾ? ತಾರೀಕನ್ನು ದೊಡ್ಡದಾಗಿ ೧೨ ಅಂತ ಹಾಕಿದರೆ ನೋಡೋಕೆ ಬಹಳ ಚೆಂದ, ಪಕ್ಕದಲ್ಲಿ 'ಡಿಸೆಂಬರ್, ಶನಿವಾರ' ಅಂತ ಇರುವುದರಿಂದ ಗೊಂದಲವೂ ಕಮ್ಮಿ. ಆದರೆ ೧ ಮತ್ತು ೦ ದೂರದಿಂದ ಒಂದೇ ಥರ ಕಾಣುತ್ತವೆ. ಟಿಕೆಟ್ ದರ, ಸಮಯ ತಪ್ಪಾಗಿ ಓದಿದರೆ ಜನಕ್ಕೆ ತೊಂದರೆ, ಅಲ್ಲಿ 7 ಗಂಟೆ, 200 ರೂಪಾಯಿ ಅಂತಲೇ ಇರಲಿ.

ಮಾಹಿತಿ

ಹೆಸರು, ತಾರೀಕು, ವಾರ, ಸಮಯ, ಜಾಗ, ಊರು, ಟಿಕೆಟ್. ಇಷ್ಟು ಇಲ್ಲದಿದ್ದರೆ ಅದು ಚಿತ್ರ, ಪೋಸ್ಟರ್ ಅಲ್ಲ. ಗೋದಾಮಿನ ಬಾಗಿಲು ಎಷ್ಟಕ್ಕೆ ತೆರೆಯುತ್ತದೆ, ಹಾಡು ಎಷ್ಟಕ್ಕೆ ಶುರು ಅಂತ ಎರಡನ್ನೂ ಹಾಕಿದರೆ ಪೋಸ್ಟರ್‌ಗೆ ನಿಜದ ಕಳೆ ಬರುತ್ತದೆ. ಕ್ಯಾಲೆಂಡರ್ ತೆಗೆದು ವಾರ ಸರಿಯಿದೆಯಾ ನೋಡಿ. 2026ರ ಡಿಸೆಂಬರ್ 12 ಶನಿವಾರ. ಸುಮ್ನೆ ತೋಚಿದ ತಾರೀಕಿಗೆ ತೋಚಿದ ವಾರ ಹಾಕಿದ್ದನ್ನು ನೋಡುವವರು ತಕ್ಷಣ ಹಿಡಿಯುತ್ತಾರೆ.

ಫೋನ್ ನಂಬರ್ ವಿಷಯದಲ್ಲಿ ಜೋಪಾನ. ನೀವು ಕಲ್ಪಿಸಿದ ಹತ್ತು ಅಂಕಿ ಯಾರದ್ದೋ ನಿಜವಾದ ನಂಬರ್ ಆಗಿರಬಹುದು. ನಮ್ಮ ಮೊಬೈಲ್ ನಂಬರ್‌ಗಳು 6ರಿಂದ 9ರ ಒಳಗೆ ಶುರುವಾಗುವುದರಿಂದ ಸೊನ್ನೆಗಳನ್ನೇ ಹಾಕಿದರೆ ಯಾರಿಗೂ ಫೋನ್ ಹೋಗುವುದಿಲ್ಲ. ಕ್ಯೂಆರ್ ಕೋಡ್ ಹಾಕುವುದಿದ್ದರೆ ನಿಮ್ಮದೇ ಪೋರ್ಟ್‌ಫೋಲಿಯೋ ಪುಟಕ್ಕೆ ಹೋಗಲಿ. ನಿಜವಾದ ಕಂಪನಿಗಳ ಲೋಗೋಗಳನ್ನು ಪ್ರಾಯೋಜಕರು ಅಂತ ಕೆಳಗೆ ಜೋಡಿಸಬೇಡಿ. ಅವರು ಒಪ್ಪಿಗೆ ಕೊಟ್ಟಿಲ್ಲ, ಮತ್ತು ಅಷ್ಟೊಂದು ಲೋಗೋ ಬಂದರೆ ನಿಮ್ಮ ಜೋಡಣೆಯೂ ಕೆಡುತ್ತದೆ.

ಈ ಮಾಹಿತಿಯಲ್ಲಿ ತಾರೀಕು ಎಲ್ಲಕ್ಕಿಂತ ದೊಡ್ಡದು, ಆಮೇಲೆ ಜಾಗ, ಆಮೇಲೆ ಉಳಿದದ್ದು. ಎ3ಯಲ್ಲಿ ಯಾವ ಸಾಲೂ 14 ಪಾಯಿಂಟ್‌ಗಿಂತ ಚಿಕ್ಕದು ಬೇಡ. ನಾಲ್ಕು ಕಲಾವಿದರ ಹೆಸರುಗಳನ್ನು ಟಿನ್ನಿನ ಮೇಲೆ ಚಿಕ್ಕದಾಗಿ ಬರೆಯಬಹುದು, ಡಬ್ಬಿ ತಂದಿಟ್ಟು ಹೋದ ಮನೆಯವರ ಹೆಸರಿನ ಹಾಗೆ. ದೂರದಿಂದ ಕಾಣದಿದ್ದರೂ ಪರವಾಗಿಲ್ಲ, ಹತ್ತಿರ ಬಂದವರಿಗೆ ಸಿಗುವ ಸಂತೋಷ ಅದು.

ಬಣ್ಣ ಮತ್ತು ಕಾಗದ

ಗಿರಣಿಯಲ್ಲಿ ಏನಿತ್ತೋ ಅದೇ. ಟಿನ್ನಿನ ಬೂದು, ಹಿಟ್ಟಿನ ಬಿಳಿ, ಹೆಸರು ಬರೆದ ಪೇಂಟಿನ ನೀಲಿ. ಬಿಳಿಗೆ ಶಾಯಿ ಬೇಡ, ಕಾಗದವೇ ಬಿಳಿ. ಇಲ್ಲಿ ಒಂದು ಎಚ್ಚರಿಕೆ: ಗೋಣಿಚೀಲದ ಬಣ್ಣ ಬರಲಿ ಅಂತ ಕಂದು ಕ್ರಾಫ್ಟ್ ಪೇಪರ್ ಮೇಲೆ ಪ್ರಿಂಟ್ ಮಾಡಿಸುವ ಆಸೆ ಬಂದೇ ಬರುತ್ತದೆ. ಸಾಮಾನ್ಯ ಡಿಜಿಟಲ್ ಪ್ರಿಂಟರ್‌ನಲ್ಲಿ ಬಿಳಿ ಶಾಯಿ ಇರುವುದಿಲ್ಲ, ಹಿಟ್ಟೆಲ್ಲ ಕಂದಾಗಿ ಬರುತ್ತದೆ.

ಪರದೆಯಲ್ಲಿ ಹೊಳೆಯುವ ನೀಲಿ ಕಾಗದದ ಮೇಲೆ ಮಂಕಾಗುತ್ತದೆ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ನಾಲ್ಕು ಶಾಯಿಯಿಂದ. ಹಾಗಾಗಿ ಫೈಲನ್ನು ಆ ನಾಲ್ಕು ಶಾಯಿಯ ಲೆಕ್ಕದಲ್ಲಿ, ಅಂದರೆ ಸಿಎಂವೈಕೆಯಲ್ಲೇ ಮಾಡಿ, ಬಣ್ಣವನ್ನು ಪರದೆ ನೋಡಿ ನಂಬಬೇಡಿ, ಒಂದು ತುಂಡು ಟೆಸ್ಟ್ ಪ್ರಿಂಟ್ ತೆಗೆಸಿ. ಚಿಕ್ಕ ಅಕ್ಷರಗಳಿಗೆ ಕಪ್ಪು ಶಾಯಿ ಒಂದೇ, 100 ಪರ್ಸೆಂಟ್. ನಾಲ್ಕೂ ಶಾಯಿ ಬೆರೆಸಿದ ಕಪ್ಪಿನಲ್ಲಿ ಚಿಕ್ಕ ಅಕ್ಷರ ಹಾಕಿದರೆ, ಶಾಯಿಗಳು ಕೂದಲೆಳೆಯಷ್ಟು ಆಚೀಚೆ ಬಿದ್ದರೂ ಒತ್ತಕ್ಷರದ ಒಳಗಿನ ಜಾಗ ಮುಚ್ಚಿಹೋಗುತ್ತದೆ.

ಚಿತ್ರ

ನಿಮ್ಮದೇ ಫೋಟೋ ಬಳಸಿ. ಮನೆಯಲ್ಲಿ ಒಂದು ಟಿನ್ನು ಸಿಕ್ಕರೂ ಸಾಕು. ಕಿಟಕಿ ಪಕ್ಕದ ಬೆಳಕಿನಲ್ಲಿ ನೆಲದ ಮೇಲಿಟ್ಟು, ಸ್ಟೂಲ್ ಹತ್ತಿ ನೇರ ಮೇಲಿನಿಂದ ತೆಗೆಯಿರಿ. ಪ್ರತಿ ಸಲ ಸ್ವಲ್ಪ ತಿರುಗಿಸಿ, ಮುಚ್ಚಳ ಬದಲಿಸಿ, ಹಿಟ್ಟು ಉದುರಿಸಿ, ಒಂಬತ್ತು ಬೇರೆ ಬೇರೆ ಫೋಟೋ ತೆಗೆಯಿರಿ. ಒಂದೇ ಫೋಟೋವನ್ನು ಒಂಬತ್ತು ಸಲ ಕಾಪಿ ಮಾಡಿದರೆ ತಗ್ಗುಗಳೆಲ್ಲ ಒಂದೇ ಜಾಗದಲ್ಲಿ ಬರುತ್ತವೆ, ಮೋಸ ಕಾಣುತ್ತದೆ. ಬೆಳಕು ಬರುವ ದಿಕ್ಕು ಮಾತ್ರ ಎಲ್ಲದರಲ್ಲೂ ಒಂದೇ ಇರಲಿ.

ಗೂಗಲ್‌ನಲ್ಲಿ ಸಿಕ್ಕ ಚಿತ್ರ ಬೇಡ, ಅದಕ್ಕೊಬ್ಬ ಮಾಲೀಕ ಇರುತ್ತಾನೆ. ಎಐನಿಂದ ಚಿತ್ರ ಮಾಡಿಸಬಹುದಾ ಅಂತ ಕೇಳುವವರಿಗೆ: ಮೊದಲು ನಿಮ್ಮ ಮೇಷ್ಟ್ರನ್ನು ಕೇಳಿ. ಅವರು ಹೂಂ ಅಂದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಅದಕ್ಕೆ ಟಿನ್ನು ಅಂದರೆ ಯಾವುದೋ ಟಿನ್ನು. ಮುಚ್ಚಳದ ಅಂಚಿನಲ್ಲಿ ಗಟ್ಟಿಯಾಗಿ ಕೂತ ಹಿಟ್ಟು ನೀವು ನಿಂತು ನೋಡಿದ್ದರಿಂದ ಸಿಕ್ಕಿದ್ದು. ಈ ಅಸೈನ್‌ಮೆಂಟ್ ಕೊಡುವುದೇ ಹಾಗೆ ನೋಡುವುದನ್ನು ಕಲಿಯಲಿ ಅಂತ.

ಗೋಡೆಗೆ ಅಂಟಿಸಿ ನೋಡಿ

ಕೊನೆಯ ಪ್ರಿಂಟ್‌ಗೆ ಮುಂಚೆ ಒಂದು ಕಪ್ಪು ಬಿಳುಪು ಪ್ರಿಂಟ್ ತೆಗೆದು ಹಾಸ್ಟೆಲ್ ಕಾರಿಡಾರಿನಲ್ಲಿ ಅಂಟಿಸಿ. ಹತ್ತು ಹೆಜ್ಜೆ ದೂರದಿಂದ ನಡೆದು ಬನ್ನಿ. ಹೆಸರು ಎಲ್ಲಿಂದ ಓದೋಕಾಯಿತು? ತಾರೀಕು? ಕಣ್ಣು ಅರ್ಧ ಮುಚ್ಚಿ ನೋಡಿದಾಗ ಯಾವುದು ಎದ್ದು ಕಾಣುತ್ತದೆ? ಮೂರು ಅಕ್ಷರ ಮೂರು ಮುಚ್ಚಳದಲ್ಲಿ ಬೇರೆಯಾಗಿರುವುದರಿಂದ ಒಂದು ಹೆಸರಾಗಿ ಓದುತ್ತದಾ ಅನ್ನೋದು ನಮ್ಮ ಪೋಸ್ಟರ್‌ನ ದೊಡ್ಡ ಅಪಾಯ. ಓದದಿದ್ದರೆ ಮೇಲಿನ ಕೆಳಗಿನ ಸಾಲುಗಳನ್ನು ಸ್ವಲ್ಪ ಮಂಕು ಮಾಡಿ, ನಡುವಿನ ಸಾಲಿಗೆ ಮಾತ್ರ ನೀಲಿ ಕೊಡಿ.

ಡಿಸೈನ್ ಓದದ ಒಬ್ಬರಿಗೆ ತೋರಿಸಿ, ಮೆಸ್ಸಿನ ಅಣ್ಣನಿಗೋ ಸೆಕ್ಯುರಿಟಿಯವರಿಗೋ. 'ಹೇಗಿದೆ ಅಣ್ಣಾ' ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಅಂತಾರೆ. 'ಏನು, ಎಲ್ಲಿ, ಯಾವತ್ತು ಅಣ್ಣಾ' ಅಂತ ಕೇಳಿ. ತಡವರಿಸಿದ ಜಾಗದಲ್ಲಿ ಕೆಲಸ ಬಾಕಿ ಇದೆ.

ಊರ ಗೋಡೆ, ಬಸ್ ಸ್ಟಾಪ್, ಕಂಬಗಳಿಗೆ ಮಾತ್ರ ಅಂಟಿಸಬೇಡಿ. ಸಾರ್ವಜನಿಕ ಜಾಗಗಳನ್ನು ಹೀಗೆ ಕೆಡಿಸುವುದನ್ನು ತಡೆಯೋಕೆ ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ. ಅದಕ್ಕಿಂತ ಮುಖ್ಯವಾಗಿ, ನಂಬಿ ಹೊರಟವರು ಇಲ್ಲದ ಗೋದಾಮನ್ನು ಹುಡುಕಿಕೊಂಡು ಅಲೆಯಬಾರದು. ಪೋಸ್ಟರ್‌ನ ಅಂಚಿನಲ್ಲಿ ಚಿಕ್ಕದಾಗಿ 'ವಿದ್ಯಾರ್ಥಿ ಯೋಜನೆ, ಕಾಲ್ಪನಿಕ ಕಾರ್ಯಕ್ರಮ' ಅಂತ ಹಾಕಿಬಿಡಿ. ಆನ್‌ಲೈನ್ ಹಾಕುವಾಗಲಂತೂ ತಪ್ಪಿಸಬೇಡಿ.

ಪ್ರಿಂಟ್ ಅಂಗಡಿಯಲ್ಲಿ

ಹೋಗುವ ಮುಂಚೆ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಾಗಿ ಬದಲಿಸಿ. ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಓ. ಅಂಗಡಿಯ ಕಂಪ್ಯೂಟರ್‌ನಲ್ಲಿ ನಿಮ್ಮ ಕನ್ನಡ ಫಾಂಟ್ ಇರುವುದಿಲ್ಲ, ಹಾಗೇ ಕೊಟ್ಟರೆ ಅಕ್ಷರದ ಜಾಗದಲ್ಲಿ ಡಬ್ಬಗಳು ಬರುತ್ತವೆ. ಔಟ್‌ಲೈನ್ ಮಾಡುವ ಮುಂಚಿನ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ, ಯಾಕೆಂದರೆ ಆಮೇಲೆ ಒಂದು ಕಾಗುಣಿತವನ್ನೂ ತಿದ್ದೋಕಾಗಲ್ಲ. ಬ್ಲೀಡ್ ಮತ್ತು ಕತ್ತರಿಸುವ ಗುರುತುಗಳ ಜೊತೆ ಪಿಡಿಎಫ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ.

ಡಿಜಿಟಲ್ ಪ್ರಿಂಟ್ ಅಂಗಡಿಗಳಲ್ಲಿ 12×18 ಅಥವಾ 13×19 ಇಂಚಿನ ಶೀಟು ಸಿಗುತ್ತದೆ. ಎರಡರಲ್ಲೂ ಎ3 ಹಿಡಿಯುತ್ತದೆ, ಆದರೆ 12 ಇಂಚಿನ ಅಗಲಕ್ಕೆ ಬ್ಲೀಡ್ ಸೇರಿದರೆ ಅಂಚಿನಲ್ಲಿ ಜಾಗವೇ ಉಳಿಯುವುದಿಲ್ಲ. 13×19 ಕೇಳಿ. ಕಾಗದ 170 ಜಿಎಸ್‌ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ಹೊಳಪಿಲ್ಲದ ಮ್ಯಾಟ್ ಇರಲಿ, ಹಿಟ್ಟಿಗೂ ತುಕ್ಕು ಹಿಡಿದ ಟಿನ್ನಿಗೂ ಹೊಳಪು ಒಗ್ಗುವುದಿಲ್ಲ. 300 ಜಿಎಸ್‌ಎಂ ಕಾರ್ಡ್ ಸುರುಳಿ ಸುತ್ತಿದರೆ ಮಡಿಕೆ ಬೀಳುತ್ತದೆ. ಮೊದಲು ಒಂದೇ ಕಾಪಿ ತೆಗೆಸಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗಲ್ಲ, ಹೊರಗೆ ಬೆಳಕಿಗೆ ತಂದು ನೋಡಿ, ಕಾಗುಣಿತ ಇನ್ನೊಮ್ಮೆ ಓದಿ, ಆಮೇಲೆ ಉಳಿದದ್ದು.

ಸಬ್‌ಮಿಶನ್ ದಿನ ಪೋಸ್ಟರ್ ಜೊತೆ ಗಿರಣಿಯ ಫೋಟೋಗಳು, ಕುಂಚದಲ್ಲಿ ಬರೆದ ಹಾಳೆಗಳು, ಪುಟ್ಟ ಸ್ಕೆಚ್‌ಗಳನ್ನೂ ತೆಗೆದುಕೊಂಡು ಹೋಗಿ. ಯಾಕೆ ನೀಲಿ, ಯಾಕೆ ಒಂಬತ್ತು, ಯಾಕೆ ಮೇಲಿನಿಂದ ಅಂತ ಕೇಳಿದಾಗ ಬ್ಯಾಂಡ್ ಬಗ್ಗೆ ಬರೆದ ಆ ಮೊದಲ ಹಾಳೆ ತೋರಿಸಿ ಉತ್ತರ ಹೇಳಿ. ಪೋರ್ಟ್‌ಫೋಲಿಯೋಗೂ ಇವನ್ನೆಲ್ಲ ಸ್ಕ್ಯಾನ್ ಮಾಡಿ ಹಾಕಿ, ಕೆಲಸ ಕೊಡುವವರು ಮುಗಿದ ಪೋಸ್ಟರ್‌ನಷ್ಟೇ ಇವನ್ನೂ ನೋಡುತ್ತಾರೆ. ಇನ್‌ಸ್ಟಾಗ್ರಾಂಗೆ 1080×1350 ಅಳತೆಯ ಇನ್ನೊಂದು ರೂಪ ಮಾಡುವಾಗ ಪೋಸ್ಟರನ್ನು ಹಾಗೇ ಕುಗ್ಗಿಸಬೇಡಿ. ನಡುವಿನ ಸಾಲು ಮತ್ತು ತಾರೀಕು ಮಾತ್ರ ಇಟ್ಟುಕೊಂಡು ಹೊಸದಾಗಿ ಜೋಡಿಸಿ, ಉಳಿದ ಮಾಹಿತಿ ಕೆಳಗೆ ಬರೆದರೆ ಸಾಕು.